ಹದಿನೆಂಟು ಅಂಕ

ಬಸ್ ಡಿಪೋದ ಉಗ್ರಾಣದ ಗುಮಾಸ್ತರು ಬೀಡಿಯ ಹೊಗೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವರು. ಅವರಲ್ಲಿ ಒಂದೇ ದೌರ್ಬಲ್ಯ. ಯಾವ ಅರ್ಜಿ ಕೈಗೆ ಸಿಕ್ಕರೂ ಪ್ರಾಮಾಣಿಕವಾಗಿ ತುಂಬಿಬಿಡುತ್ತಿದ್ದರು. ಆ ಬೆಳಿಗ್ಗೆ ಸಿಕ್ಕಿದ್ದು ‘ಚಟಕ್ಕೆ ಬೀಳುವ ಸಂಭವ ನಿಮಗೆಷ್ಟು? ನೀವೇ ಪರೀಕ್ಷಿಸಿಕೊಳ್ಳಿ’ ಎಂಬ ಇಪ್ಪತ್ತು ಪ್ರಶ್ನೆಗಳ ಹಾಳೆ.

ವಂಶದಲ್ಲಿ ಯಾರಾದರೂ ಕುಡಿಯುತ್ತಿದ್ದರೇ? ಅಜ್ಜ ಕುಡಿಯುತ್ತಿದ್ದರು; ಹೌದು. ಸಿಟ್ಟನ್ನು ಒಳಗೇ ನುಂಗಿಕೊಳ್ಳುತ್ತೀರಾ? ಮ್ಯಾನೇಜರ ಮುಖ ನೆನಪಾಯಿತು, ಹೌದು. ಆಗಾಗ ಒಬ್ಬರೇ ಇರಬೇಕೆನಿಸುತ್ತದೆಯೇ? ಮದುವೆಯಾಗಿ ಇಪ್ಪತ್ತೆರಡು ವರ್ಷ; ಪೆನ್ನು ಒತ್ತಿ ಗುರುತು ಹಾಕಿದರು. ಕೂಡಿದರೆ ಹದಿನೆಂಟು ಅಂಕ. ‘ಹೆಚ್ಚಿನ ಅಪಾಯ’ ಎಂದಿತ್ತು ಕೆಳಗೆ.

ಟೈಪಿಸ್ಟಮ್ಮ ಬೆನ್ನ ಹಿಂದಿನಿಂದಲೇ ಅದನ್ನು ಓದಿ ಮುಗಿಸಿದ್ದರು.

"ಎಷ್ಟು ದಿನದಿಂದ ಸಾರ್?"

"ನಾನು ಕುಡಿಯೋದೇ ಇಲ್ಲಮ್ಮ."

"ಮೊದಮೊದಲು ಎಲ್ರೂ ಹಾಗೇ ಹೇಳೋದು," ಎಂದು ಕನಿಕರದಿಂದ ನೋಡಿ ಆಕೆ ಹೊರಟರು.

ಒಡೆದ ಪೈಪಿನ ಆಯಿಲಿನಂತೆ ಸುದ್ದಿ ಡಿಪೋ ತುಂಬ ಹರಿಯಿತು. ಹೆಡ್ ಮೆಕ್ಯಾನಿಕ್ ಬಂದು ಉಗ್ರಾಣದಲ್ಲಿದ್ದ, ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬಗಳನ್ನು ಹೊತ್ತುಕೊಂಡ. "ಬೇಜಾರು ಮಾಡ್ಕೋಬೇಡಿ ಅಣ್ಣ. ಮೂಸಿ ನೋಡ್ಬೇಕು ಅನ್ಸಿದ್ರೆ ಕಷ್ಟ."

ಗುಮಾಸ್ತರ ಕೈ ಸಿಟ್ಟಿನಿಂದ ನಡುಗಿತು.

"ನೋಡಿ, ನಡುಕ ಶುರುವಾಯ್ತು," ಎಂದ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್.

ಅಷ್ಟರಲ್ಲಿ ಹೆಂಡತಿಯ ಫೋನು. ಟೈಪಿಸ್ಟಮ್ಮ ಆಗಲೇ ವಿಷಯ ಮುಟ್ಟಿಸಿದ್ದರು. "ನಾನೇನು ಕಮ್ಮಿ ಮಾಡಿದ್ದೆ ರೀ ನಿಮಗೆ?" ಎಂದು ಆಕೆ ಗೊಳೋ ಎಂದು ಅತ್ತಳು.

ಕೊನೆಗೆ ಮ್ಯಾನೇಜರು ಕರೆಸಿದರು. "ಡಾಕ್ಟರ ಹತ್ರ ಹೋಗಿ ಚೀಟಿ ತನ್ನಿ. ಇಲ್ಲಾಂದ್ರೆ ಉಗ್ರಾಣದ ಬೀಗದ ಕೈ ಇಲ್ಲಿಟ್ಟು ಮನೆಗೆ ನಡೀರಿ."

ಡಾಕ್ಟರು ಕಣ್ಣು, ನಾಲಿಗೆ, ರಕ್ತ ಎಲ್ಲ ನೋಡಿ ನಕ್ಕರು. "ಮುಂದೆ ಬೀಳೋ ಸಂಭವ ಉಂಟೋ ಅಂತ ಕೇಳೋ ಹಾಳೆ ಇದು. ನೀವು ಬಿದ್ದಿಲ್ವಲ್ಲ, ಬಿಡಿ." ‘ಇವರಿಗೆ ಯಾವ ಚಟವೂ ಇಲ್ಲ’ ಎಂದು ಬರೆದು, ಸಹಿ ಹಾಕಿ ಕೊಟ್ಟರು.

ಗುಮಾಸ್ತರು ಎದೆಯುಬ್ಬಿಸಿಕೊಂಡು ಡಿಪೋಗೆ ಮರಳಿದರು. ಮ್ಯಾನೇಜರು ಚೀಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

"ಬೆಳಿಗ್ಗೆ ಹದಿನೆಂಟು, ಸಂಜೆಗೆ ಸೊನ್ನೆ," ಎಂದು ಮ್ಯಾನೇಜರು ಕಣ್ಣೊರೆಸಿಕೊಂಡರು. "ಒಂದೇ ದಿನದಲ್ಲಿ ಬಿಟ್ಟುಬಿಟ್ರಲ್ರೀ."

"ಇದ್ರೆ ತಾನೇ ಸಾರ್ ಬಿಡೋದು?" ಎಂದ ಗುಮಾಸ್ತರ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಮನೆ ಬಾಗಿಲಲ್ಲಿ ಹೆಂಡತಿ ನಗುನಗುತ್ತ ನಿಂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ ಹಿಡಿದುಕೊಂಡು ಅವಳ ತಮ್ಮ. ಅವನು ಹತ್ತು ಮಾರು ದೂರದಿಂದಲೇ ಗಮಗಮಿಸುತ್ತಿದ್ದ.

"ಟೈಪಿಸ್ಟಮ್ಮ ಎಲ್ಲ ಹೇಳಿದ್ರು. ಇವನು ಒಂದು ತಿಂಗಳು ಇಲ್ಲೇ ಇರ್ತಾನೆ ರೀ. ನೀವು ಹೇಗೆ ಬಿಟ್ರಿ ಅಂತ ಇವನಿಗೂ ಹೇಳ್ಕೊಡಿ," ಎಂದು ಅವಳು ಒಳಗೆ ಹೋದಳು.

ತಮ್ಮ ಆಚೀಚೆ ನೋಡಿ, ಗುಮಾಸ್ತರ ಕಿವಿಯ ಹತ್ತಿರ ಬಾಯಿ ತಂದ.

"ಅಕ್ಕನಿಗೆ ಹೇಳಲ್ಲ ಭಾವ. ಮಿಕ್ಕಿದ್ದನ್ನ ಎಲ್ಲಿ ಬಚ್ಚಿಟ್ಟಿದ್ದೀರಿ?"