ಅವ್ವನಿಗೊಂದು ಟೈಂ ಟೇಬಲ್

"ಮೂರು ಹಗಲು ಮೂರು ರಾತ್ರಿ ಕಣ್ಣು ಮುಚ್ಚದೆ ಬ್ಯಾರನ್ ಕಾಯೋನು ಕಣೇ ನಾನು! ಎರಡು ದಿನ ಅವ್ವನ್ನ ನೋಡ್ಕೊಳ್ಳೋಕೆ ಆಗಲ್ವಾ?"

ಸಿದ್ದಯ್ಯ ಎದೆ ಉಬ್ಬಿಸಿ ಹೆಂಡತಿಗೆ ಹೇಳಿದ ಮಾತಿದು. ಉಬ್ಬಿಸುವುದಕ್ಕೆ ಕಾರಣವೂ ಇತ್ತು ಅನ್ನಿ. ಪಿರಿಯಾಪಟ್ಟಣದ ಸುತ್ತಮುತ್ತ ಹೊಗೆಸೊಪ್ಪು ಬೇಯಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಸೊಪ್ಪು ಬೇಯಿಸುವ ಗೂಡು, ಅಂದರೆ ಬ್ಯಾರನ್ನಿನೊಳಗೆ ನೇತುಹಾಕಿದ ಎಲೆ ಚಿನ್ನದ ಬಣ್ಣಕ್ಕೆ ತಿರುಗುವ ಗಳಿಗೆ ಅವನಿಗೆ ಹೊರಗಿಂದಲೇ ಗೊತ್ತಾಗುತ್ತಿತ್ತು. "ಥರ್ಮಾಮೀಟರು ಅದರ ಪಾಡಿಗೆ ಹೇಳ್ತದೆ ಕಣ್ಲಾ. ನೀನು ಎಲೇನ ಮುಟ್ಟಿ ಕೇಳ್ಬೇಕು" ಎಂದು ಊರಿಗೆಲ್ಲ ಪಾಠ ಹೇಳುವ ಪಂಡಿತ!

ಅವನ ತಾಯಿ ಕುಳ್ಳಮ್ಮನಿಗೆ ಎಂಬತ್ತಾರು. ಐದು ವರ್ಷದ ಹಿಂದೆ ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಹಿಡಿದೇ ಓಡಾಟ. ಆ ಐದು ವರ್ಷವೂ ಅವಳನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸಿದವಳು ಸೊಸೆ ಜಯಲಕ್ಷ್ಮಮ್ಮ. ಒಂದು ದಿನವೂ ಬೇರೆ ಕಡೆ ಉಳಿದವಳಲ್ಲ. ಮೊನ್ನೆ, ಪಾಪ, ಒಲೆ ಮುಂದೆ ನಿಂತೇ ತೂಕಡಿಸಿದಳು. ಹಾಲು ಉಕ್ಕಿ ಹರಿದದ್ದೂ ತಿಳಿಯಲಿಲ್ಲ. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಭಾಗ್ಯಮ್ಮ ಅದನ್ನು ಕಂಡು ಸಿದ್ದಯ್ಯನಿಗೆ ಬೈದೇಬಿಟ್ಟಳು: "ಅಣ್ಣ, ಜಯಕ್ಕನೂ ಮನುಸ್ರೇ ಕಣ್ರೀ! ಎರಡು ದಿನ ಎಲ್ಲಿಗಾದ್ರೂ ಕಳ್ಸಿ, ನಿದ್ದೆ ಮಾಡ್ಕೊಂಡು ಬರ್ಲಿ."

ಸರಗೂರಿನ ಅಕ್ಕನ ಮನೆಗೆ ಹೋಗುವುದೆಂದಾಯಿತು. ಹೊರಡುವಾಗ ಜಯಲಕ್ಷ್ಮಮ್ಮ, "ಏನ್ರೀ, ಬೆಳಗ್ಗೆ ಎದ್ದ ತಕ್ಷಣ ಅತ್ತೇನ ಒಂದು ಮಾತು ಕೇಳ್ಬೇಕು..." ಎಂದು ಶುರುಮಾಡಿದಳು.

"ಕೇಳೋದೇನೈತೆ? ಎಲ್ಲಾ ಬರ್ದಿದ್ದೀನಿ!"

"ಅತ್ತೆ ಊಟ ಬಿಟ್ರೆ ಫೋನ್ ಮಾಡಿ. ಮುಂದಿನ ಬಸ್ಸಿಗೇ ಬಂದ್ಬುಡ್ತೀನಿ."

"ನೀ ಮಲಗು ಹೋಗಮ್ಮಿ!"

ಬರೆದಿದ್ದಂತೂ ನಿಜ. ಮೊಬೈಲಿನಲ್ಲಿ ಯಾರೋ ಡಾಕ್ಟರು ಹೇಳಿದ್ದನ್ನೆಲ್ಲ ಹಳೇ ಕ್ಯಾಲೆಂಡರಿನ ಬೆನ್ನಿಗೆ ದಪ್ಪಕ್ಷರದಲ್ಲಿ ಇಳಿಸಿ ಗೋಡೆಗೆ ಅಂಟಿಸಿದ್ದ. ಆರಕ್ಕೆ ಏಳುವುದು, ಆರೂವರೆಗೆ ಸ್ನಾನ, ಎಂಟಕ್ಕೆ ಓಟ್ಸ್ ಗಂಜಿ, ಒಂದಕ್ಕೆ ತರಕಾರಿ ಸೂಪು. ಒಂದೊಂದನ್ನೂ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿಯೇ ಕಾರ್ಯಾರಂಭ!

ಮರುದಿನ ಬೆಳಗ್ಗೆ ಸ್ನಾನಕ್ಕೆ ಬ್ಯಾರನ್ನಿನ ಥರ್ಮಾಮೀಟರನ್ನೇ ಬಿಚ್ಚಿ ತಂದು ಬಕೆಟ್ಟಿಗೆ ಇಳಿಬಿಟ್ಟ. "ನೂರು! ಕರೆಕ್ಟು!" ಬ್ಯಾರನ್ನಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರೆಂದರೆ ಬರೀ ಉಗುರುಬೆಚ್ಚಗೆ. ಜೀವಮಾನವಿಡೀ ಹೊಗೆಯಾಡುವ ನೀರಲ್ಲೇ ಮಿಂದ ಕುಳ್ಳಮ್ಮ ಮೊದಲ ಚೊಂಬಿಗೇ ಕಿರುಚಿದಳು.

"ಲೇ ಸಿದ್ದ! ತಣ್ಣೀರು ಉಯ್ತಿದ್ದೀಯಲ್ಲೋ!"

"ನೂರೈತೆ ಕಣವ್ವ!"

"ಆ ನೂರನ್ನ ನಿನ್ ತಲೆ ಮೇಲೆ ಉಯ್ಕೊ!"

ಎಂಟಕ್ಕೆ ಗಂಜಿ ಬಂತು. ಕುಳ್ಳಮ್ಮ ಬಾಯಿ ಮುಚ್ಚಿದಳು. ಬ್ಯಾರನ್ ಬಾಗಿಲಾದರೂ ತೆಗೆದೀತು, ಆ ಬಾಯಿ ತೆಗೆಯಲಿಲ್ಲ. ಹತ್ತಕ್ಕೆ ಸರಗೂರಿನಿಂದ ಫೋನು: "ಅತ್ತೆ ಉಂಡ್ರಾ?"

"ಎರಡು ಬಟ್ಟಲು!" ಎಂದುಬಿಟ್ಟ ಮಹಾನುಭಾವ.

ಒಂದು ಗಂಟೆಗೆ ಸೂಪೂ ವಾಪಸ್ಸು. ಸಿದ್ದಯ್ಯನಿಗೆ ಈಗ ನಿಜಕ್ಕೂ ಭಯವಾಯಿತು. ಬೆಳಗಿನಿಂದ ಅವ್ವನ ಹೊಟ್ಟೆಗೆ ಒಂದು ತುತ್ತಿಲ್ಲ. ಹೆಂಡತಿಗೆ ನಿಜ ಹೇಳಿದರೆ ಐದು ವರ್ಷಕ್ಕೊಮ್ಮೆ ಸಿಕ್ಕ ನಿದ್ದೆ ಅರ್ಧಕ್ಕೇ ಮುಗಿಯಿತು. ಗಂಜಿಯನ್ನೇ ಬಿಸಿಮಾಡಿ ತಂದು, "ಅವ್ವ, ದಮ್ಮಯ್ಯ ಅಂತೀನಿ, ಒಂದ್ ಚಮಚ!" ಎಂದ. ಅವ್ವ ಕೈ ಅಡ್ಡ ಹಿಡಿದಳು. ಬಟ್ಟಲು ಹಾರಿತು. ಗಂಜಿ ನೆಲಕ್ಕೆ, ಅದರ ಮೇಲೆ ಸಿದ್ದಯ್ಯನ ಕಾಲು, ಆಮೇಲೆ ಇಡೀ ಸಿದ್ದಯ್ಯ!

"ಅಯ್ಯಯ್ಯೋ, ಸೊಂಟ!"

ಭಾಗ್ಯಮ್ಮ ಓಡಿಬಂದು ಅಲ್ಲೇ ಇದ್ದ ಅವ್ವನ ಮಂಚದ ಮೇಲೆ ಅವನನ್ನು ಉರುಳಿಸಿದಳು. ಸೊಂಟ ಮುಟ್ಟಿ, ಕಾಲು ಆಡಿಸಿ ನೋಡಿ, "ಉಳುಕು ಅಷ್ಟೇ ಕಣಣ್ಣ. ಅಲ್ಲಾಡ್ಬೇಡಿ" ಎಂದಳು. ಕುಳ್ಳಮ್ಮ ಅಲ್ಲೇ ಕುರ್ಚಿಯಿಂದ ಬಾಗಿ ಮಗನ ಹಣೆ ಮೇಲೆ ಕೈಯಿಟ್ಟಳು.

"ಏನ್ ಸಾರು ಮಾಡ್ಸಲಿ ಮಗಾ?"

ಅಷ್ಟು ಕೇಳಿದ್ದೇ ಸಿದ್ದಯ್ಯನ ಕಣ್ಣು ತುಂಬಿಬಂತು. "ಉಪ್ಸಾರು ಕಣವ್ವ" ಎಂದ, ಮಗುವಿನ ಹಾಗೆ.

ಭಾಗ್ಯಮ್ಮ ನಕ್ಕಳು. "ಜಯಕ್ಕ ದಿನಾ ಬೆಳಗ್ಗೆ ದೊಡ್ಡವ್ವನ್ನ ಕೇಳೋದು ಇದೇ ಮಾತು ಕಣಣ್ಣ! ದೊಡ್ಡವ್ವ ಹೇಳಿದ ಮೇಲೇ ಒಲೆ ಹಚ್ಚೋದು."

"ಎಲೇನ ಮುಟ್ಟಿ ಕೇಳ್ಬೇಕು ಅಂತ ಊರಿಗೆಲ್ಲ ಏಳ್ತೀಯ," ಎಂದಳು ಕುಳ್ಳಮ್ಮ. "ಎತ್ತವ್ವನ್ನ ಒಂದ್ ಮಾತು ಕೇಳಿದ್ಯೇನ್ಲಾ?"

ಭಾಗ್ಯಮ್ಮ ಮುದ್ದೆ ಕಟ್ಟಿ, ಉಪ್ಸಾರು ಮಾಡಿ ತಂದಳು. ಕುಳ್ಳಮ್ಮ ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡಳು! ನಡುನಡುವೆ ಮಲಗಿದ ಮಗನಿಗೂ ತುತ್ತು ಕೊಡುತ್ತಿದ್ದಳು. ಅಷ್ಟರಲ್ಲೇ ಬರಬೇಕೆ ಜಯಲಕ್ಷ್ಮಮ್ಮನ ವೀಡಿಯೋ ಕಾಲು! ಭಾಗ್ಯಮ್ಮ ಮೊಬೈಲು ಎತ್ತಿ ಹಿಡಿದಳು.

"ಅಯ್ಯೋ! ಅತ್ತೆ ಮಂಚದ ಮೇಲೆ ನೀವ್ಯಾಕ್ರೀ ಮಲಗಿದ್ದೀರಿ? ಈಗ್ಲೇ ಹೊರಟೆ!"

ಸಿದ್ದಯ್ಯ ಬಾಯಿ ತೆಗೆಯುವ ಮೊದಲೇ ಕುಳ್ಳಮ್ಮ ಕೂಗಿದಳು: "ಬರ್ಬ್ಯಾಡ ಕಣಮ್ಮಿ! ಇನ್ನೂ ನಾಕು ದಿನ ಮಲಗಿದ್ದು ಬಾ. ಇವನ್ನ ನಾನು ನೋಡ್ಕತೀನಿ. ನಂಗೇನ್ ಕಷ್ಟ? ಎಲ್ಲಾ ಗ್ವಾಡೆ ಮೇಲೆ ಅವನೇ ಬರ್ದವ್ನೆ. ನಾಳೆ ಆರೂವರೆಗೆ ನೂರರ ನೀರು, ಎಂಟಕ್ಕೆ ಗಂಜಿ!"