ಯಂತ್ರದ ತಲೆಯ ಮೇಲಿನ ಪೊಟ್ಟಣ

ಹಸಿದ ಮನುಷ್ಯ ಏನು ತಿಂದರೂ ಕ್ಷಮಿಸಬಹುದು. ಆದರೆ ತೂ ಪೆಯ್‌ಶೆಂಗ್ ಅಂದು ಬೆಳಿಗ್ಗೆ ತಿಂದದ್ದನ್ನು ತೈನಾನ್ ಊರಿನ ಯಾವ ಕಂಪ್ಯೂಟರ್ ಕೋಣೆಯವರೂ ಕ್ಷಮಿಸುವಂತಿರಲಿಲ್ಲ.

ಏಳು ಗಂಟೆಗೇ ಅವನು ಪ್ರಯೋಗಾಲಯಕ್ಕೆ ಬಂದಿದ್ದ. ದಿನವೂ ಮೊಟ್ಟೆ ದೋಸೆ ಸುತ್ತಿಕೊಡುವ ಗಾಡಿಯವಳ ಪತ್ತೆ ಅಂದು ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ನದಿ ಇಲಾಖೆಯ ಅಧಿಕಾರಿಗಳು ಪ್ರವಾಹದ ಲೆಕ್ಕ ನೋಡಲು ಬರುವವರಿದ್ದರು. ಅಷ್ಟರೊಳಗೆ ದೊಡ್ಡ ಯಂತ್ರಕ್ಕೆ ಗಣಿತದ ಹೊಸ ಲೈಬ್ರರಿ ಹಾಕಿಡು, ಬೇರೇನನ್ನೂ ಮುಟ್ಟಬೇಡ ಎಂದು ಪ್ರೊಫೆಸರ್ ಕುಂಗ್ ಹೇಳಿದ್ದರು. ಲೈಬ್ರರಿ ಎಂದರೆ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಲೆಕ್ಕಗಳ ಕಟ್ಟು. ಪ್ರೋಗ್ರಾಂ ಅದನ್ನು ಕರೆಸಿಕೊಂಡರಷ್ಟೇ ಕೆಲಸ ನಡೆಯುವುದು. ಪೆಯ್‌ಶೆಂಗ್‌ನ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವ ಮಾತನ್ನು ಅಧಿಕಾರಿಗಳು ಹೋದ ಮೇಲೆ ಆಡೋಣ ಎಂದೂ ಪ್ರೊಫೆಸರ್ ಹೇಳಿದ್ದರು.

ಯಂತ್ರದ ತಲೆಯ ಮೇಲೆ ಎಂದಿನಂತೆ ಹಸಿರು ಪೊಟ್ಟಣ ಕೂತಿತ್ತು. ತೆಂಗಿನ ರುಚಿಯ ಜೋಳದ ಕುರುಕಲು. ಅದರ ಹೆಸರಿಗೇ ‘ತಂಟೆ ಮಾಡದೆ ಜಾಣನಾಗಿರು’ ಎಂಬ ಅರ್ಥ. ಅದನ್ನಿಡದೆ ಯಂತ್ರ ನಡೆಸುವ ಧೈರ್ಯ ಈ ದ್ವೀಪದಲ್ಲಿ ಯಾರಿಗೂ ಇಲ್ಲ. ಬಣ್ಣ ಹಸಿರೇ ಆಗಬೇಕು, ಯಂತ್ರದ ದೀಪವೂ ಹಸಿರಾಗಿರಲಿ ಎಂದು. ಅವಧಿ ಮೀರಿರಬಾರದು. ಮತ್ತು ಅದನ್ನು ತಿನ್ನಬಾರದು ಎಂದು ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೆಯ್‌ಶೆಂಗ್ ಒಂದೇ ಒಂದು ತಿನ್ನೋಣವೆಂದು ಮೂಲೆಯನ್ನು ಹರಿದ. ಆಮೇಲೆ ನೋಡಿದರೆ ಬೆರಳಿಗೆ ಪುಡಿ ಮಾತ್ರ ಸಿಗುತ್ತಿತ್ತು. ಖಾಲಿ ಪೊಟ್ಟಣಕ್ಕೆ ಬಾಯಿಂದ ಗಾಳಿ ತುಂಬಿ, ಮೂಲೆಗೆ ಟೇಪು ಹಚ್ಚಿ, ಮೊದಲಿನ ಜಾಗದಲ್ಲೇ ಕೂರಿಸಿದ.

ಲೈಬ್ರರಿ ಸಲೀಸಾಗಿ ಇಳಿಯಿತು. ‘ಯಶಸ್ವಿಯಾಗಿ ಅಳವಡಿಸಲಾಗಿದೆ’ ಎಂದು ಪರದೆ ಹೇಳಿತು. ಪ್ರೋಗ್ರಾಂ ಓಡಿಸಿದ. ‘ಇಂಪೋರ್ಟ್ ಎರರ್: ಆ ಹೆಸರಿನ ಲೈಬ್ರರಿ ಇಲ್ಲಿಲ್ಲ’ ಎಂದು ಅದೇ ಪರದೆ ಹೇಳಿತು. ಈಗ ತಾನೇ ಒಳಗೆ ಕಳಿಸಿದವನನ್ನು ಮನೆಯವರು ನಾವು ಕಂಡೇ ಇಲ್ಲ ಅಂದಂತಾಯಿತು. ಅವನು ಮೆಲ್ಲನೆ ಕತ್ತೆತ್ತಿ ಪೊಟ್ಟಣದ ಕಡೆ ನೋಡಿದ.

ಒಂಬತ್ತಕ್ಕೆ ಬಂದ ಲಾನ್‌ಯಿಂಗ್ ಅವನಿಗಿಂತ ನಾಲ್ಕು ವರ್ಷ ಹಿರಿಯಳು, ಎಲ್ಲರ ಪರದೆಗೂ ಮೂಗು ತೂರಿಸುವವಳು. ಕಿತ್ತುಹಾಕಿ ಮತ್ತೆ ಹಾಕು ಎಂದಳು. ಮತ್ತೆ ಹಾಕಿದರೂ ಅದೇ ಎರರ್. ಹತ್ತಕ್ಕೆ ಬಂದ ಇನ್ನೊಬ್ಬ ಸಹೋದ್ಯೋಗಿ ತಿಂಗ್‌ಹಾವ್ ಹಳೆಯ ಆವೃತ್ತಿಯೇ ವಾಸಿ ಎಂದು ಪೆಯ್‌ಶೆಂಗ್‌ನನ್ನು ಎಬ್ಬಿಸಿ ತಾನೇ ಕೂತ. ತಿಂಗ್‌ಹಾವ್ ಎದ್ದಾಗ ನೆಟ್ಟಗಿದ್ದ ಇನ್ನೂ ಮೂರು ಲೈಬ್ರರಿಗಳು ಮುನಿಸಿಕೊಂಡಿದ್ದವು. ಅವನ್ನು ಸಮಾಧಾನ ಮಾಡುವಷ್ಟರಲ್ಲಿ ಹನ್ನೊಂದಾಯಿತು.

ಅಷ್ಟು ಹೊತ್ತೂ ಪೊಟ್ಟಣದ ಗಾಳಿ ಸಣ್ಣಗೆ ಸೋರುತ್ತಿತ್ತು. ಅದರ ಹೊಟ್ಟೆ ಇಳಿದಂತೆಲ್ಲ ಪೆಯ್‌ಶೆಂಗ್ ಅತ್ತ ಕಣ್ಣು ಹಾಯಿಸುತ್ತಿದ್ದ.

“ಪೊಟ್ಟಣ ಯಾಕೋ ಸೊರಗಿದ ಹಾಗಿದೆಯಲ್ಲೋ,” ಎಂದಳು ಲಾನ್‌ಯಿಂಗ್.

“ಏಸಿ ಜಾಸ್ತಿ ಇದೆ, ಅಕ್ಕಾ. ಚಳಿಗೆ ಕುಗ್ಗಿರಬೇಕು.”

ಹಾಗೆಂದವನೇ ಕಾಫಿ ತರುವ ನೆಪದಲ್ಲಿ ಸ್ಕೂಟರ್ ಹತ್ತಿದ. ನಾಲ್ಕು ಅಂಗಡಿ ತಿರುಗಿದ. ತೂಫಾನು ಬರುವ ಸುದ್ದಿ ಕೇಳಿ ಕಂಪ್ಯೂಟರ್ ಚಿಪ್ ಕಾರ್ಖಾನೆಯವರು ತಮ್ಮ ಯಂತ್ರಗಳಿಗೆಂದು ಹಸಿರನ್ನೆಲ್ಲ ಪೆಟ್ಟಿಗೆಗಟ್ಟಲೆ ಒಯ್ದಿದ್ದರು. ಉಳಿದಿದ್ದದ್ದು ಹಳದಿ. ಹಳದಿ ಇಟ್ಟರೆ ಎಚ್ಚರಿಕೆಯ ದೀಪವನ್ನು ತಾನಾಗಿಯೇ ಕರೆದಂತೆ. ಬರಿಗೈಯಲ್ಲಿ ಮರಳುವಾಗ ತಾಯಿಗೆ ಏನು ಹೇಳುವುದೆಂದು ಯೋಚಿಸಿದ. ಕುರುಕಲು ತಿಂದು ಕೆಲಸ ಕಳೆದುಕೊಂಡೆ ಎಂದು ಯಾವ ಬಾಯಲ್ಲಿ ಹೇಳುವುದು?

ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ ಅವನಿಗೆ ಥಟ್ಟನೆ ಹೊಳೆಯಿತು. ಆ ಯಂತ್ರದಲ್ಲಿ ಪ್ರೋಗ್ರಾಂಗಳನ್ನು ಓಡಿಸುವ ಪೈಥಾನ್ ಎರಡಿವೆ. ಒಂದು ಯಂತ್ರದ ಜೊತೆಗೇ ಬಂದ ಹಳೆಯದು, ಇನ್ನೊಂದು ಹೋದ ವರ್ಷ ಹಾಕಿದ ಹೊಸದು. ಒಂದೇ ಮನೆಯಲ್ಲಿ ಎರಡು ಒಲೆ ಇದ್ದಂತೆ. ಲೈಬ್ರರಿ ಹೋಗಿ ಕೂತದ್ದು ಹೊಸದರಲ್ಲಿ, ಪ್ರೋಗ್ರಾಂ ಓಡುತ್ತಿದ್ದದ್ದು ಹಳೆಯದರಲ್ಲಿ.

ಕಾಫಿ ಮರೆತು ಓಡಿ ಬಂದ. ಪ್ರೋಗ್ರಾಮನ್ನು ಹೊಸ ಪೈಥಾನಿನಲ್ಲಿ ಓಡಿಸಿದ. ನದಿ ತುಂಬಿತು, ದಂಡೆ ಮುಳುಗಿತು, ನಕಾಶೆಯ ಮೇಲೆ ನೀಲಿ ಬಣ್ಣ ಚೆನ್ನಾಗಿ ಹರಡಿತು. ಬದುಕಿದೆ ಎಂದುಕೊಂಡು ಬಾತ್‌ರೂಮಿಗೆ ಹೋದ.

ತಿರುಗಿ ಬಂದಾಗ ಇಬ್ಬರ ಮುಖವೂ ಬಿಳಿಚಿತ್ತು. ಲಾನ್‌ಯಿಂಗ್ ತನ್ನ ಮೇಜಿನಿಂದ ಅದನ್ನೇ ಓಡಿಸಿ ನೋಡಿದ್ದಳು. ಎರರ್ ಬಂದಿತ್ತು. ನಿನ್ನದು ಹಳೆಯ ಪೈಥಾನ್, ಅಕ್ಕಾ ಎಂದು ಪೆಯ್‌ಶೆಂಗ್ ವಿವರಿಸಿ ತನ್ನ ಪರದೆಯಿಂದ ಓಡಿಸಿ ತೋರಿಸಿದ. ಓಡಿತು. ತಿಂಗ್‌ಹಾವ್ ಅವನನ್ನು ಹೊರಗೆ ಕಳಿಸಿ ಇನ್ನೊಮ್ಮೆ ಲಾನ್‌ಯಿಂಗಳ ಮೇಜಿನಿಂದ ನೋಡಿದ. ಎರರ್. ಒಳಗೆ ಕರೆದರು, ಅವನೇ ಕೀಲಿ ಒತ್ತಿದ, ಓಡಿತು. ಎರಡು ಒಲೆಯ ವಿಷಯ ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

“ನೀನು ಇಲ್ಲಿಂದ ಕದಲಬೇಡ,” ಎಂದಳು ಲಾನ್‌ಯಿಂಗ್.

ಎರಡಕ್ಕೆ ಅಧಿಕಾರಿಗಳು ಬಂದರು. ಪೆಯ್‌ಶೆಂಗ್ ಪೊಟ್ಟಣಕ್ಕೆ ಬೆನ್ನು ಅಡ್ಡ ಹಿಡಿದು, ಕೀಲಿ ಒತ್ತಿದ. ಪ್ರವಾಹ ಒಂದು ತೊಡಕಿಲ್ಲದೆ ಹರಿಯಿತು. ಹಿರಿಯ ಅಧಿಕಾರಿ ತಲೆದೂಗಿದರು. ಪ್ರೊಫೆಸರ್ ಕುಂಗ್ ಹಿಗ್ಗಿ, ಎಲ್ಲಾ ಇವನ ದಯೆ ಎನ್ನುತ್ತ ಪೆಯ್‌ಶೆಂಗ್‌ನನ್ನು ಪಕ್ಕಕ್ಕೆ ಸರಿಸಿ ಪೊಟ್ಟಣದ ಬೆನ್ನು ತಟ್ಟಿದರು.

ಪೊಟ್ಟಣ ಪುಸ್ಸೆಂದು ಚಪ್ಪಟೆಯಾಯಿತು.

ಪೆಯ್‌ಶೆಂಗ್ ಚಪ್ಪಟೆ ಪೊಟ್ಟಣವನ್ನು ಎತ್ತಿ ಪ್ರೊಫೆಸರರ ಕೈಗಿತ್ತ. ಸುಳ್ಳು ಹುಡುಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

“ತಿಂದುಬಿಟ್ಟೆ, ಮೇಷ್ಟ್ರೇ. ಬೆಳಿಗ್ಗೆ.”

“ಪೂರ್ತಿನಾ?”

“ಪುಡೀನೂ ಬಿಡಲಿಲ್ಲ.”

ಅಧಿಕಾರಿಗಳು ಯಂತ್ರದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಲಾನ್‌ಯಿಂಗ್ ಪ್ರೊಫೆಸರರ ಕಿವಿಯ ಹತ್ತಿರ ಬಂದು, ಇವನು ಹೊರಗೆ ಹೋದರೆ ಯಂತ್ರ ಕೆಡುವುದನ್ನೂ ಒಳಗೆ ಬಂದರೆ ನಡೆಯುವುದನ್ನೂ ಎರಡು ಸಲ ಪರೀಕ್ಷೆ ಮಾಡಿ ನೋಡಿದ್ದಾಗಿ ಹೇಳಿದಳು. ಪೆಯ್‌ಶೆಂಗ್ ಎರಡು ಪೈಥಾನಿನ ವಿಷಯ ಎತ್ತಲು ಹೋದ. ಪ್ರೊಫೆಸರ್ ಕೈಯೆತ್ತಿ ತಡೆದರು. ಅವರು ಅವನ ಮುಖ ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದರು.

“ಹಾಗಾದ್ರೆ ಕುರುಕಲು ಎಲ್ಲೂ ಹೋಗಿಲ್ಲ,” ಎಂದರು ನಿಧಾನವಾಗಿ. “ಒಳಗಿದೆ, ಅಷ್ಟೇ. ನಿನ್ನನ್ನ ಈಗ ಕಳಿಸೋ ಮಾತೇ ಇಲ್ಲ ಕಣಪ್ಪ.”

ಪೆಯ್‌ಶೆಂಗ್‌ಗೆ ಕಣ್ಣು ತುಂಬಿ ಬಂತು. ಗುತ್ತಿಗೆ ಎಷ್ಟು ವರ್ಷಕ್ಕೆ ಬರೆಯುತ್ತೀರಿ ಎಂದು ಧೈರ್ಯವಾಗಿ ಕೇಳಿಯೂ ಬಿಟ್ಟ.

ಪ್ರೊಫೆಸರ್ ಕನ್ನಡಕ ಮೇಲೇರಿಸಿ, ಚಪ್ಪಟೆ ಪೊಟ್ಟಣವನ್ನು ತಿರುವಿ, ಹಿಂದೆ ಅಚ್ಚಾಗಿದ್ದ ತಾರೀಖನ್ನು ಓದಿದರು.

“ಈ ತಿಂಗಳ ಹನ್ನೆರಡರವರೆಗೆ ಇದೆ. ಇವತ್ತು ಮೂರು. ನಿನ್ನ ಗುತ್ತಿಗೇಲಿ ತಿಂಗಳ ಕೊನೆತನಕ ಅಂತ ಮೊದಲು ಬರೆದಿತ್ತಲ್ಲ, ಅದನ್ನ ತಿದ್ದಬೇಕಾಗುತ್ತೆ. ಅವಧಿ ಮೀರಿದ್ದನ್ನ ಯಂತ್ರದ ಹತ್ತಿರ ಇಟ್ಕೊಳ್ಳೋಕಾಗಲ್ಲ.”

ಅಧಿಕಾರಿಗಳು ಅದು ಸರಿ ಎಂಬಂತೆ ತಲೆಯಾಡಿಸಿದರು. ತಿಂಗ್‌ಹಾವ್ ಒಂದು ಕುರ್ಚಿ ತಂದು ಯಂತ್ರದ ಪಕ್ಕದಲ್ಲಿ ಹಾಕಿ, ಏಸಿಯ ಗಾಳಿ ನೇರ ಬಡಿಯುವಲ್ಲಿ ಪೆಯ್‌ಶೆಂಗ್‌ನನ್ನು ಕೂರಿಸಿದ. ಲಾನ್‌ಯಿಂಗ್ ಆಗಲೇ ಆ ಹುದ್ದೆಗೆ ಹೊಸ ಜಾಹೀರಾತು ಬರೆಯತೊಡಗಿದ್ದಳು.