ಉಕ್ಕಿನ ಅಪ್ಪನ ಕ್ಷಮಾಪಣೆ

"ಸೋತ ಮುಖ ಹೊತ್ತುಕೊಂಡು ಈ ಮನೆಯ ಹೊಸಿಲು ತುಳಿಯಬೇಡ!" ಎಂದು ನಮ್ಮ ಕಂಠದಾನಿ ಮೈಕಿನ ಮುಂದೆ ಗುಡುಗಿದರೆ ಸ್ಟುಡಿಯೋದ ಗಾಜು ನಡುಗುತ್ತಿತ್ತು. ಅದೇ ಕಂಠದಾನಿ ತನ್ನ ಮನೆಯ ಹೊಸಿಲು ತುಳಿಯುವ ಮುನ್ನ ಚಪ್ಪಲಿ ಎಲ್ಲಿ ಬಿಡಬೇಕೆಂದು ಎರಡು ಸಲ ಯೋಚಿಸುತ್ತಿದ್ದ. (ಯೋಚಿಸಿಯೂ ತಪ್ಪು ಜಾಗದಲ್ಲೇ ಬಿಡುತ್ತಿದ್ದ.)

ಪರಭಾಷೆಯ ಕಾರ್ಟೂನುಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವನ ಕಸುಬು. ಬಹಳ ಕಾಲ ಕಾಗೆ, ಕತ್ತೆ, ಕಿರುಗುಟ್ಟುವ ಬಾಗಿಲುಗಳಾಗಿಯೇ ಸಂಸಾರ ಸಾಕಿದ. ಆಮೇಲೆ ಅದೃಷ್ಟ ಖುಲಾಯಿಸಿ 'ಕಾರ್ಡು ಕಾಳಗ' ಎಂಬ ಅನಿಮೆ ಸರಣಿ ಸಿಕ್ಕಿತು. ಅದರಲ್ಲಿ ಮಕ್ಕಳು ಮೇಜಿನ ಮೇಲೆ ಕಾರ್ಡು ಬಡಿಯುತ್ತಾರೆ, ಅದರೊಳಗಿಂದ ರಾಕ್ಷಸರು ಎದ್ದು ಕಾದಾಡುತ್ತಾರೆ. ಆದರೆ ಕಾರ್ಡು ಕೈಬಿಟ್ಟು ಮೇಜು ಮುಟ್ಟುವಷ್ಟರಲ್ಲಿ ಆಟಗಾರ ತನ್ನ ಬಾಲ್ಯವನ್ನೆಲ್ಲ ನೆನೆದು ಮುಗಿಸಬೇಕು. ಹಾಗಾಗಿ ಒಂದೊಂದು ಕಾರ್ಡು ಅರ್ಧ ಕಂತು ಗಾಳಿಯಲ್ಲೇ ಇರುತ್ತದೆ. ನೀಲಿಗೂದಲಿನ ಹುಡುಗನ ಬಾಲ್ಯವಂತೂ ಕರುಣಾಜನಕ. ಅವನಪ್ಪ ತೊಟ್ಟಿಲಲ್ಲೇ ಕಾರ್ಡು ಕಲೆಸುವುದನ್ನು ಕಲಿಸಿದವನು, ಎರಡನೇ ಬಹುಮಾನದ ಕಪ್ಪನ್ನು ಕಿಟಕಿಯಿಂದಾಚೆ ಎಸೆದವನು. ನೋಡುಗರು ಅವನಿಗೆ ಇಟ್ಟ ಹೆಸರು ಉಕ್ಕಿನ ಅಪ್ಪ. ಆ ಅಪ್ಪನ ದನಿಯೇ ನಮ್ಮ ಕಂಠದಾನಿ.

ಮನೆಯಲ್ಲಿ ನುಂಗಿಕೊಂಡದ್ದೆಲ್ಲ ಸ್ಟುಡಿಯೋದಲ್ಲಿ ಹೊರಗೆ ಬರುತ್ತಿದ್ದುದರಿಂದ ಪಾತ್ರ ಅಮೋಘವಾಗಿ ಮೂಡಿತು. ಬೀದಿಯ ಮಕ್ಕಳು ಅವನನ್ನು ಕಂಡು ಗೇಟಿನ ಹಿಂದೆ ಅವಿತುಕೊಳ್ಳತೊಡಗಿದರು. ಅದನ್ನು ಕಂಡಾಗಲೆಲ್ಲ ಅವನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಕಂಟಕ ಬಂದದ್ದು ಕೊನೆಯ ಕಂತಿನಲ್ಲಿ. ಸೋತ ಮಗ ಕತ್ತಲ ಕೋಣೆಯಲ್ಲಿ ಕೂತಿದ್ದಾನೆ. ಉಕ್ಕಿನ ಅಪ್ಪ ಒಳಗೆ ಬಂದು ಜನ್ಮದಲ್ಲಿ ಮೊದಲ ಬಾರಿಗೆ ಕ್ಷಮೆ ಕೇಳಬೇಕು. ಕಂಠದಾನಿ ಗಂಟಲು ಸರಿಪಡಿಸಿಕೊಂಡು, "ತಪ್ಪಾಯ್ತು ಮಗನೇ, ನನ್ನನ್ನು ಕ್ಷಮಿಸಿಬಿಡು" ಎಂದ. ಮಾತು ಬೆಣ್ಣೆ ಜಾರಿದಂತೆ ಜಾರಿತು.

ನಿರ್ದೇಶಕಿ ಹೆಡ್‌ಫೋನು ತೆಗೆದಳು. "ಏನ್ ಸಾರ್ ಇದು, ದಿನಾ ಮೂರು ಹೊತ್ತು ಕ್ಷಮೆ ಕೇಳೋರ ಥರ ಇದೆ! ಆ ಮನುಷ್ಯ ಹುಟ್ಟಿದಾಗಿಂದ ಒಂದು ಸಲನೂ ಹಾಗಂದವನಲ್ಲ. ಮಾತು ಗಂಟಲಲ್ಲಿ ಸಿಕ್ಕಿಹಾಕ್ಕೋಬೇಕು."

ಮತ್ತೆ ಹೇಳಿದ, ಮತ್ತೆ ಜಾರಿತು. ಕೆಮ್ಮಿ ಹೇಳಿದ, ಕೆಮ್ಮೂ ವಿನಯವಾಗಿ ಬಂತು. "ನಾಡಿದ್ದು ಬನ್ನಿ," ಎಂದಳು ನಿರ್ದೇಶಕಿ. "ಆಗಲೂ ಆಗದಿದ್ರೆ ಬೇರೆಯವರನ್ನ ಕರೀತೀನಿ. ಮುಂದಿನ ಸರಣಿಗೂ ಅವರೇ ಇರ್ತಾರೆ, ಬೇಜಾರು ಮಾಡ್ಕೋಬೇಡಿ." ಕಾಗೆ, ಕತ್ತೆಗಳು ಮತ್ತೆ ಕಂಠದಾನಿಯ ಕಣ್ಣ ಮುಂದೆ ಬಂದು ನಿಂತವು.

ಬಸ್ಸಿನಲ್ಲಿ ಬರುವಾಗ ಜ್ಞಾನೋದಯವಾಯಿತು. ಎಂದೂ ಕ್ಷಮೆ ಕೇಳದವರು ಕೇಳುವಾಗ ಹೇಗೆ ಕೇಳುತ್ತಾರೆಂದು ಕಿವಿಯಾರೆ ಕೇಳಿಬಿಟ್ಟರೆ ಸಾಕಲ್ಲ! ಅಂಥವರು ಯಾರಾದರೂ ಗೊತ್ತೇ? ಗೊತ್ತೇನು ಬಂತು, ಮದುವೆಯೇ ಆಗಿದೆ.

ಅವನ ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಅದು ಸೀಮೆಸುಣ್ಣದ ತಪ್ಪು. ಮನೆಯಲ್ಲಿ ಕ್ಷಮಾಪಣೆಯ ಖಾತೆ ಮೊದಲ ದಿನದಿಂದಲೂ ಗಂಡನದೇ. 'ಕಾರ್ಡು ಕಾಳಗ' ನೋಡುವಾಗಲೂ ಅವಳು ಉಕ್ಕಿನ ಅಪ್ಪನ ಪಕ್ಷ. "ಗೆದ್ದು ಬಾ ಅಂದ್ರೆ ತಪ್ಪೇನು? ಅಷ್ಟು ಕಾರ್ಡು ಕೊಡಿಸಿಲ್ವಾ?"

"ಅಮ್ಮಾ, ಅದು ಪ್ರೆಷರ್," ಎನ್ನುವಳು ಮಗಳು. ಹೈಸ್ಕೂಲಿನ ಹುಡುಗಿ, ಕಾರ್ಡಿನ ಹುಚ್ಚಿ, ಪಾತ್ರಗಳ ಮನಃಶಾಸ್ತ್ರದಲ್ಲಿ ಸ್ವಯಂಘೋಷಿತ ಪಂಡಿತೆ.

"ಪ್ರೆಷರ್ ಇಲ್ಲದಿದ್ರೆ ನಲ್ಲೀಲಿ ನೀರೂ ಬರಲ್ಲ, ಹೋಗೇ."

ಕಂಠದಾನಿ ಆ ಸಂಜೆಯೇ ವ್ಯೂಹ ರಚಿಸಿದ. ಹೆಂಡತಿಯ ಕನ್ನಡಕವನ್ನು ಮೆಲ್ಲಗೆ ಅವಳದೇ ಬ್ಯಾಗಿಗೆ ಸೇರಿಸಿ, ಪೇಪರು ಹಿಡಿದು ಕೂತ. ಅಂದುಕೊಂಡಂತೆಯೇ ಅಪವಾದ ಬಂತು. "ನನ್ನ ಕನ್ನಡಕ ಎಲ್ಲಿಟ್ರಿ? ಈ ಮನೇಲಿ ವಸ್ತು ಕಾಣೆಯಾಗೋದು ನಿಮ್ಮಿಂದಲೇ. ಹುಡುಕಿ!" ಅವನು ಮೂಲೆ ಮೂಲೆ ತಡಕಾಡುವ ನಾಟಕವಾಡಿ, ಕೊನೆಗೆ ಬ್ಯಾಗಿನಿಂದ ಕನ್ನಡಕ ಎತ್ತಿ ಹಿಡಿದು, ಕಿವಿ ನಿಮಿರಿಸಿ ಕಾದ.

"ನನ್ನ ಬ್ಯಾಗಿಗೆ ಕೈ ಹಾಕಿದ್ರಾ?"

"ನೀನೇ ಹುಡುಕಿ ಅಂದೆಯಲ್ಲೇ..."

"ಹುಡುಕಿ ಅಂದೆ. ಕೈ ಹಾಕಿ ಅಂದ್ನಾ?"

"ತಪ್ಪಾಯ್ತು," ಎಂದ ಕಂಠದಾನಿ. ಅದೂ ಜಾರಿತು.

ಮರುದಿನ ಸಂಜೆ ಮಗಳು ಚೀರಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಅವಳ ಪಂಚಪ್ರಾಣವಾದ 'ಗಡಿಯಾರದ ಘೇಂಡಾಮೃಗ' ಕಾರ್ಡು ಮಾಯ! ಬೆಳಗಾದರೆ ಶಾಲೆಯಲ್ಲಿ ಪಂದ್ಯ. ಮಂಚದಡಿ, ದಿಂಬಿನಡಿ ಎಲ್ಲ ಜಾಲಾಡಿದ ಮೇಲೆ ಊಟದ ಮೇಜಿನ ಗಿಡ್ಡ ಕಾಲಿನ ಕೆಳಗೆ ಕಾರ್ಡು ಸಿಕ್ಕಿತು, ನಾಲ್ಕು ಮಡಿಕೆಯಾಗಿ.

"ಮೇಜು ಅಲುಗಾಡ್ತಿತ್ತು," ಎಂದಳು ಹೆಂಡತಿ.

"ಅಮ್ಮಾ, ಅದು ಘೇಂಡಾಮೃಗ!"

"ಅದಕ್ಕೇ ಗಟ್ಟಿಯಾಗಿ ನಿಂತಿತ್ತು."

ಮಗಳು ಅಳುತ್ತ ಕೋಣೆ ಸೇರಿ ಬಾಗಿಲು ಬಡಿದುಕೊಂಡಳು. ಇಂಥ ಹೊತ್ತಿನಲ್ಲಿ ಹೆತ್ತ ತಂದೆಯ ಕರುಳು ಚುರ್ರೆನ್ನಬೇಕು. ಹೇಳಲು ನಾಚಿಕೆಯಾಗುತ್ತದೆ, ಕಂಠದಾನಿಯ ಮನಸ್ಸು ಕುಣಿಯಿತು. ಕೃತ್ಯ ಸಾಬೀತಾಗಿದೆ, ಸಾಕ್ಷಿ ಮೇಜಿನ ಕೆಳಗೆ ಸಿಕ್ಕಿದೆ, ನುಣುಚಿಕೊಳ್ಳಲು ದಾರಿಯೇ ಇಲ್ಲ!

"ಪಾಪ ಮಗು... ಹೋಗಿ ಒಂದು ಮಾತು ಹೇಳಿಬಿಡೇ," ಎಂದ.

"ಏನಂತ? ಆ ಕಾಲಿಗೆ ಮರದ ಚೂರು ಕೊಡ್ತೀನಿ ಅಂತ ನೀವು ಹೇಳಿ ಎಷ್ಟು ದಿನ ಆಯ್ತು?"

"ತಪ್ಪಾಯ್ತು."

ಸ್ವಲ್ಪ ಹೊತ್ತಿಗೆ ಇಸ್ತ್ರಿಯ ವಾಸನೆ ಬಂತು. ಇಣುಕಿದರೆ, ಹೆಂಡತಿ ಎರಡು ಕರವಸ್ತ್ರಗಳ ನಡುವೆ ಕಾರ್ಡಿಟ್ಟು ಉಸಿರು ಬಿಗಿಹಿಡಿದು ಇಸ್ತ್ರಿ ಮಾಡುತ್ತಿದ್ದಾಳೆ. (ಅವನ ಅಂಗಿಗೆ ಇಂಥ ಭಾಗ್ಯ ಎಂದೂ ಬಂದಿರಲಿಲ್ಲ.) ಆಮೇಲೆ ಮಗಳ ಕೋಣೆಗೆ ಹೋದಳು. ಕಂಠದಾನಿ ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಲಿಸಿ ಬಾಗಿಲಿಗೆ ಕಿವಿ ಅಂಟಿಸಿದ.

"ಕಿಟಕಿ ಯಾಕೆ ಮುಚ್ಕೊಂಡು ಕೂತಿದ್ದೀಯ? ಸೆಕೆ ಆಗಲ್ವಾ?"

ಮಗಳು ಮಂಚದ ಮೇಲೆ ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು.

"ಊಟ ಆರಿ ಹೋಗುತ್ತೆ."

ಹೆಂಡತಿ ಗಂಟಲು ಸರಿಪಡಿಸಿಕೊಂಡಳು. ಬಂತು, ಈಗ ಬಂತು, ಎಂದು ಕಂಠದಾನಿ ಕಣ್ಣು ಮುಚ್ಚಿದ.

"ನಾಳೆ ನಿನ್ನ ಪಂದ್ಯ ಎಷ್ಟು ಹೊತ್ತಿಗೆ? ನಾನೂ ಬಂದು ಕೂತ್ಕೋತೀನಿ. ಸುಮ್ನೆ. ಕ್ಲಾಸು ಹೇಗೂ ಇಲ್ಲ... ತಗೋ. ಮಡಿಕೆ ಸ್ವಲ್ಪ ಉಳಿದಿದೆ. ಘೇಂಡಾಮೃಗದ ಚರ್ಮ ಹೇಗೂ ಸುಕ್ಕೇ ಅಲ್ವಾ?"

ಮಗಳು ಫಕ್ಕನೆ ನಕ್ಕಳು, ಆಮೇಲೆ ಜೋರಾಗಿ ಅತ್ತಳು. ಮೂಗು ಒರೆಸುವ ಸದ್ದೂ ಕೇಳಿಸಿತು. ಯಾರು ಯಾರ ಮೂಗು ಒರೆಸಿದರೋ ತಿಳಿಯಲಿಲ್ಲ.

ಇಂಗು ತಿಂದ ಮಂಗನಂತೆ ಕಂಠದಾನಿ ಊಟದ ಮೇಜಿಗೆ ಬಂದು ಕೂತ. ಇಷ್ಟೆಲ್ಲ ಆಗಿಯೂ 'ತಪ್ಪಾಯ್ತು' ಎಂಬ ಮಾತೇ ಬರಲಿಲ್ಲವಲ್ಲ! ತಲೆ ಮೇಲೆ ಕೈಹೊತ್ತು ಹೆಂಡತಿಯ ಮಾತುಗಳನ್ನು ಮತ್ತೆ ಮೆಲುಕು ಹಾಕಿದಾಗ ಥಟ್ಟನೆ ಹೊಳೆಯಿತು. ಬಂದಿತ್ತು, ಪೂರ್ತಿ ಬಂದಿತ್ತು. ಕಿಟಕಿಯೂ ಅದೇ, ಊಟವೂ ಅದೇ, ಸುಕ್ಕೂ ಅದೇ. ಹಾಗಾದರೆ ಇಷ್ಟು ವರ್ಷ ದೊಡ್ಡ ದೊಡ್ಡ ಜಗಳಗಳಾದ ಮರುದಿನ "ಚಳಿ ಇದೆ, ಸ್ವೆಟರ್ ಹಾಕ್ಕೊಂಡು ಹೋಗಿ" ಎಂದು ತನಗೆ ಸಿಡುಕುತ್ತಿದ್ದುದು? ಅವನ್ನೆಲ್ಲ ಅಪ್ಪಣೆ ಎಂದು ತಿಳಿದು ತಾನು ತಪ್ಪಾಯ್ತು ಎಂದುಬಿಟ್ಟಿದ್ದನಲ್ಲ! ಅವನ ಕಣ್ಣು ತುಂಬಿ ಬಂತು. ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಹೇಳುವ ಧೈರ್ಯ ಮಾತ್ರ ಉಕ್ಕಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಅವನು ಹಾಳೆಯಲ್ಲಿ ಬರೆದಿದ್ದ ಮಾತನ್ನು ಪಕ್ಕಕ್ಕಿಟ್ಟ. ಪರದೆಯ ಮೇಲೆ ಉಕ್ಕಿನ ಅಪ್ಪ ಬಾಯಿ ತೆರೆದಾಗ, "ಕಿಟಕಿ ಯಾಕೆ ಮುಚ್ಕೊಂಡು ಕೂತಿದ್ದೀಯ?" ಎಂದ. ಸ್ವಲ್ಪ ತಡೆದು, "ಊಟ... ಆರಿ ಹೋಗುತ್ತೆ," ಎಂದ. ಪರದೆಯ ತುಟಿಗೆ ಮಾತು ಸರಿಯಾಗಿ ಕೂತಿತು. ನಿರ್ದೇಶಕಿ ಕಣ್ಣೊರೆಸಿಕೊಂಡು, "ಸಾರ್, ಮುಂದಿನ ಸರಣೀನೂ ನಿಮ್ಮದೇ," ಎಂದಳು. ಅತ್ತ ಮಗಳು ಎರಡನೇ ಸುತ್ತಿನಲ್ಲಿ ಸೋತಳು. ಅಂಕ ಕೂಡಿಸಿದವರಿಗೆ ಗಣಿತ ಬರುವುದಿಲ್ಲವೆಂದು ಅವಳಮ್ಮ ತೀರ್ಪಿತ್ತಳು.

ಕೊನೆಯ ಕಂತು ಟೀವಿಯಲ್ಲಿ ಬಂದ ದಿನ ಮೂವರೂ ಸೋಫಾದ ಮೇಲಿದ್ದರು. ಕಿಟಕಿಯ ಮಾತು ಬಂದೊಡನೆ ಮಗಳು ಪರದೆ ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ಅಪ್ಪನನ್ನು ದುರುಗುಟ್ಟಿ ನೋಡಿದಳು. ಹೆಂಡತಿಗೂ ಗೊತ್ತಾಯಿತೇ? ಕಂಠದಾನಿ ಓರೆಗಣ್ಣಿನಿಂದ ಅವಳತ್ತ ನೋಡಿದ.

"ಥೂ, ಎಂಥ ಮನುಷ್ಯ!" ಎಂದಳು ಹೆಂಡತಿ. "ಮಗನ ಬಾಳು ಹಾಳು ಮಾಡಿ ಕಿಟಕಿ ವಿಷಯ ಮಾತಾಡ್ತಾನೆ! ತಪ್ಪಾಯ್ತು ಅನ್ನೋಕೇನು ಧಾಡಿ?"

"ಅದು... ಮನಸ್ಸಿನಲ್ಲಿದೆ ಕಣೇ."

"ಮನಸ್ಸಿನಲ್ಲಿದ್ರೆ ಅಂಕ ಕೊಡೋಕಾಗುತ್ತಾ? ಉತ್ತರ ಬರೀಬೇಕು. ನಿಮಗೆ ಕೊಟ್ಟ ಹಾಳೇಲಿ ಹಾಗೇ ಬರೆದಿತ್ತಾ?"

ನೇರವಾಗಿ ಕೇಳಿದರೆ ಸುಳ್ಳು ಹೇಳುವುದು ಅವನಿಗೆ ಒಗ್ಗದು. "ಇಲ್ಲ. ಕ್ಷಮಿಸಿಬಿಡು ಅಂತಿತ್ತು. ನಾನೇ ಬದಲಾಯಿಸಿದೆ."

"ನೀವಾ? ಮಕ್ಕಳು ನೋಡೋ ಕಾರ್ಯಕ್ರಮ! ಇಂಥದ್ದು ನೋಡಿ ಈ ಮಗು ಏನು ಕಲಿಯಬೇಕು? ಮೊದಲು ಅವಳ ಹತ್ರ ತಪ್ಪಾಯ್ತು ಅನ್ನಿ."

ಮಗಳು ನಗು ತಡೆಯಲಾರದೆ ಕುಶನ್ನಿನ ಅಂಚು ಕಚ್ಚಿಕೊಂಡಿದ್ದಳು. ಅಪ್ಪನೂ ಮಗಳೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು.

"ತಪ್ಪಾಯ್ತು ಮಗಳೇ, ನನ್ನನ್ನು ಕ್ಷಮಿಸಿಬಿಡು," ಎಂದ ಕಂಠದಾನಿ.

"ಪರವಾಗಿಲ್ಲಪ್ಪ," ಎಂದಳು ಮಗಳು ಗಂಭೀರವಾಗಿ.

"ನೋಡಿ, ಹಲ್ಲೇನಾದ್ರೂ ಉದುರಿತಾ?" ಎಂದು ಹೆಂಡತಿ ಕೇಳಿದಳು. ಇಲ್ಲವೆಂದು ಕಂಠದಾನಿ ಒಪ್ಪಿಕೊಂಡ. "ಮತ್ತೆ? ಇಷ್ಟು ಸುಲಭದ ಮಾತು! ಕೆಲವರ ಬಾಯಲ್ಲಿ ಅದು ಯಾಕೆ ಬರಲ್ವೋ, ನನಗಂತೂ ಅರ್ಥವಾಗಲ್ಲ," ಎನ್ನುತ್ತ ಅವಳು ಟೀವಿ ಆರಿಸಿದಳು.